ಎರಡು ಚಮಚ ದ್ರವದ ಕ್ಲಚ್ಚು

ಹಳೆಯ ಸ್ಪೋರ್ಟ್ಸ್ ಕಾರಿನ ಕ್ಲಚ್ಚು ಕೈಕೊಟ್ಟರೆ ಗ್ಯಾರೇಜಿನಲ್ಲಿ ಮೊದಲು ಬೀಳುವ ತೀರ್ಪು ಒಂದೇ: ‘ಪ್ಲೇಟು ಹೋಗಿದೆ ಸಾರ್, ಎಂಜಿನ್ ಇಳಿಸಬೇಕು.’ ಎಷ್ಟೋ ಸಲ ಪ್ಲೇಟು ನೆಟ್ಟಗೇ ಇರುತ್ತದೆ. ಹೋಗಿರುವುದು ಪೆಡಲಿನ ಹಿಂದಿನ ಒಂದು ಪಿನ್ನೋ, ಎರಡು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ರಬ್ಬರ್ ಸೀಲೋ, ಕೊಳವೆಯಲ್ಲಿ ಸಿಕ್ಕಿಕೊಂಡ ಒಂದಿಷ್ಟು ಗಾಳಿಯೋ ಆಗಿರುತ್ತದೆ. ಅದನ್ನು ತಿಳಿಯದೆ ಎಂಜಿನ್ ಇಳಿಸಿ, ಹೊಸ ಪ್ಲೇಟು ಹಾಕಿ, ಎಂಜಿನ್ ಏರಿಸಿ, ಪೆಡಲು ಒತ್ತಿದರೆ ಗೇರು ಮೊದಲಿನ ಹಾಗೆಯೇ ಕರಕರ ಎನ್ನುತ್ತದೆ. ಖರ್ಚಾದದ್ದು ಖರ್ಚಾಯಿತು.

ಉದಾಹರಣೆಗೆ ಎಂಜಿಬಿ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಸೀಟಿನ, ಮಾಡು ಮಡಚಬಹುದಾದ ಕಾರು ಅದು. ಗಟ್ಟಿ ಮಾಡಿನ ಜಿಟಿ ಮಾದರಿಯನ್ನೂ ಸೇರಿಸಿದರೆ 5 ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಅವುಗಳಲ್ಲಿ ಹಲವು ಇಂದಿಗೂ ಬ್ರಿಟನ್ನಿನ, ಅಮೆರಿಕದ ಮನೆಗಳ ಶೆಡ್ಡುಗಳಲ್ಲಿವೆ, ಭಾನುವಾರ ಹೊರಬರುತ್ತವೆ. ಬಿಡಿಭಾಗಗಳಿಗೂ ಬರವಿಲ್ಲ, ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಕೊಡುವ ವ್ಯವಸ್ಥೆ 1988ರಿಂದ ಬ್ರಿಟನ್ನಿನಲ್ಲಿದೆ. ಇದರ 1798 ಸಿ.ಸಿ. ಎಂಜಿನ್ ಬಿಎಂಸಿ ಕಂಪನಿಯ ‘ಬಿ-ಸೀರೀಸ್’ ಮನೆತನದ್ದು. ನಮ್ಮ ಅಂಬಾಸಡರ್ ದಶಕಗಳ ಕಾಲ ಹೊತ್ತು ತಿರುಗಿದ 1489 ಸಿ.ಸಿ. ಎಂಜಿನ್ನೂ ಅದೇ ಮನೆತನದ್ದೇ. ಹಾಗಾಗಿ ಅಂಬಾಸಡರ್ ಬಿಚ್ಚಿ ಜೋಡಿಸಿದ ಕೈಗಳಿಗೆ ಎಂಜಿಬಿಯ ಬಾನೆಟ್ಟಿನ ಕೆಳಗೆ ಅಪರಿಚಿತವೆನಿಸುವಂಥದ್ದು ಕಡಿಮೆ.

ಈ ಕಾರಿನಲ್ಲಿ ಕ್ಲಚ್ ಪ್ಲೇಟು ಬದಲಿಸಲು ಗೇರ್‌ಬಾಕ್ಸನ್ನಷ್ಟೇ ಕೆಳಗಿನಿಂದ ಇಳಿಸಿಕೊಂಡರೆ ಆಗುವುದಿಲ್ಲ. ಎಂಜಿನ್ ಮೇಲೆತ್ತಲೇಬೇಕು. ರೇಡಿಯೇಟರು, ಕಾರ್ಬುರೇಟರು, ಸೈಲೆನ್ಸರ್ ಪೈಪು, ವೈರು ಎಲ್ಲವೂ ಕಳಚಿಕೊಳ್ಳುತ್ತವೆ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆ ಒಂದಿದೆ: ದೋಷ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚಿರುವ ಕವಚದ) ಒಳಗಿದೆಯೋ, ಹೊರಗಿದೆಯೋ? ಒಳಗೆಂದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು. ಹೊರಗೆಂದರೆ ಪೆಡಲಿನಿಂದ ಫೋರ್ಕಿನವರೆಗಿನ ದ್ರವದ ದಾರಿ. ಮೊದಲನೆಯದಕ್ಕೆ ಕ್ರೇನು ಬೇಕು. ಎರಡನೆಯದು ಸಾಮಾನ್ಯವಾಗಿ ಒಂದು ಮಧ್ಯಾಹ್ನದ ಕೆಲಸ.

ದಾರಿ ಹೇಗಿದೆ ನೋಡಿ. ಪೆಡಲು ಒಂದು ಪುಶ್‌ರಾಡನ್ನು ತಳ್ಳುತ್ತದೆ. ಅದು ಬಾನೆಟ್ಟಿನ ಕೆಳಗೆ, ಪೆಡಲ್ ಪೆಟ್ಟಿಗೆಯ ಮೇಲಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ಬ್ರೇಕ್ ದ್ರವ ಲೋಹದ ಕೊಳವೆ, ಆಮೇಲೆ ರಬ್ಬರ್ ಹೋಸ್ ಹಾದು ಬೆಲ್ ಹೌಸಿಂಗಿನ ಪಕ್ಕದ ಸ್ಲೇವ್ ಸಿಲಿಂಡರಿಗೆ ಬರುತ್ತದೆ. ಸ್ಲೇವಿನ ಪುಶ್‌ರಾಡ್ ಫೋರ್ಕನ್ನು ತಳ್ಳುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ಡಯಾಫ್ರಮ್ ಸ್ಪ್ರಿಂಗಿಗೆ ಒತ್ತುತ್ತದೆ, ಪ್ಲೇಟು ಸಡಿಲವಾಗುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಒಂದು ಸಣ್ಣ ಸಿರಿಂಜು, ಒಂದು ದಪ್ಪ ಸಿರಿಂಜನ್ನು ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ ನೀರು ತುಂಬಿಸಿ ಆಡಿಸಿದವರಿಗೆ ಇದರ ಸಿದ್ಧಾಂತ ಗೊತ್ತು. ಸಣ್ಣದನ್ನು ಉದ್ದಕ್ಕೆ ತಳ್ಳಿದರೆ ದಪ್ಪದ್ದು ಸ್ವಲ್ಪವೇ ಸರಿಯುತ್ತದೆ, ಆದರೆ ಬಲವಾಗಿ ಸರಿಯುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. ಉಳಿದ ಪತ್ತೇದಾರಿಕೆಯೆಲ್ಲ ಅದರ ಮೇಲೇ ನಿಂತಿದೆ. ಎಂಜಿಬಿಯ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವಿನದು ಒಂದೂಕಾಲು ಇಂಚು. ವಿಸ್ತೀರ್ಣಗಳ ಅನುಪಾತ ಸುಮಾರು 2.8. ಕ್ಲಚ್ಚು ಪೂರ್ತಿ ಬಿಡಬೇಕಾದರೆ ಸ್ಲೇವಿನ ಪುಶ್‌ರಾಡ್ ಹೆಚ್ಚೂಕಡಿಮೆ ಅರ್ಧ ಇಂಚು, ಅಂದರೆ 12.5 ಮಿಲಿಮೀಟರಿನಷ್ಟು ಸರಿಯಬೇಕು. ಅಷ್ಟಕ್ಕೆ ಮೇಲಿನ ಮಾಸ್ಟರ್ ಪಿಸ್ಟನ್ 35 ಮಿಲಿಮೀಟರ್ ಓಡಬೇಕು. ಆ ಓಟದಲ್ಲಿ ಅದು ತಳ್ಳುವ ದ್ರವ ಎಷ್ಟು? ಗುಣಿಸಿ ನೋಡಿದರೆ 10 ಮಿಲಿಲೀಟರ್. ಎರಡು ಟೀ ಚಮಚ! ಓಡುತ್ತಿರುವ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಬೇರ್ಪಡಿಸುವ ಕೆಲಸವಷ್ಟೂ ಈ ಎರಡು ಚಮಚದ ಮೇಲೆ ನಡೆಯುತ್ತದೆ. ಅದರಲ್ಲಿ ಒಂದೇ ಒಂದು ಮಿಲಿಲೀಟರ್ ಎಲ್ಲೋ ಕಳೆದುಹೋದರೂ ಕೆಳಗಿನ ಚಲನೆಯ ಹತ್ತನೇ ಒಂದು ಭಾಗ ಹೋಯಿತು. ಈ ವ್ಯವಸ್ಥೆಯಲ್ಲಿ ಹೆಚ್ಚುವರಿ ಎಂಬುದನ್ನು ವಿನ್ಯಾಸಕಾರರು ಇಟ್ಟೇ ಇಲ್ಲ. ಸಣ್ಣ ಸೋರಿಕೆಗೆ ದೊಡ್ಡ ರಂಪವಾಗುವುದು ಅದಕ್ಕೇ.

ಹೀಗಾಗಿ ಮೊದಲ ಉಪಕರಣ ಸ್ಪ್ಯಾನರ್ ಅಲ್ಲ, ಸ್ಕೇಲು. ಕಾರನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ (ಬರೀ ಜ್ಯಾಕ್ ನಂಬಿ ಕೆಳಗೆ ತೂರುವವರಿಗೆ ಕ್ಲಚ್ಚಿನ ಚಿಂತೆ ಬೇಡ, ಅದಕ್ಕಿಂತ ದೊಡ್ಡದು ಕಾದಿದೆ), ಎಂಜಿನ್ ಆರಿಸಿ, ಒಬ್ಬರು ಪೆಡಲನ್ನು ನೆಲಕ್ಕೆ ತಾಗುವಷ್ಟು ಒತ್ತಬೇಕು. ಇನ್ನೊಬ್ಬರು ಕೆಳಗೆ ಮಲಗಿ ಸ್ಲೇವಿನ ಪುಶ್‌ರಾಡ್ ಎಷ್ಟು ಸರಿಯಿತೆಂದು ಅಳೆಯಬೇಕು. ಅರ್ಧ ಇಂಚು ಬಂದರೆ ದ್ರವದ ದಾರಿ ಸರಿಯಾಗಿದೆ, ದೋಷ ಒಳಗಿದೆ. ಎಂಟೋ ಒಂಬತ್ತೋ ಮಿಲಿಮೀಟರಿಗೆ ನಿಂತರೆ ಎಂಜಿನ್ನಿಗೆ ಕೈಹಾಕಬೇಡಿ, ದೋಷ ಹೊರಗಿದೆ. ಈ ಒಂದು ಅಳತೆ ಮಾಡದೆ ಕ್ಲಚ್ಚಿನ ಬಗ್ಗೆ ತೀರ್ಪು ಕೊಡುವ ಮೆಕ್ಯಾನಿಕ್ಕನ್ನು, ಆತ ಎಷ್ಟೇ ಹಳಬನಾಗಿರಲಿ, ನಾನು ನಂಬುವುದಿಲ್ಲ.

ಅಳೆಯುವ ಮುನ್ನ ಕ್ಲಚ್ಚು ನಿಜಕ್ಕೂ ಬಿಡುತ್ತಿಲ್ಲವೇ ಎಂದು ಖಚಿತಪಡಿಸಿಕೊಳ್ಳುವುದೂ ಒಳ್ಳೆಯದು. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರು ಕೂಡುವ ಮುಂಚೆ ವೇಗ ಹೊಂದಿಸುವ ಏರ್ಪಾಡು) ಇರಲಿಲ್ಲ. ಇಂದಿನ ಕಾರು ಓಡಿಸಿದವರು ಅದರಲ್ಲಿ ಕೂತು, ಗಾಡಿ ಇನ್ನೂ ಉರುಳುತ್ತಿರುವಾಗಲೇ ಮೊದಲ ಗೇರಿಗೆ ಹಾಕಿ, ಕರಕರ ಕೇಳಿ, ಕ್ಲಚ್ಚನ್ನು ಬೈಯುತ್ತಾರೆ. ಪರೀಕ್ಷೆಗೆ ರಿವರ್ಸ್ ಗೇರೇ ವಾಸಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ಪೆಡಲು ಪೂರ್ತಿ ಒತ್ತಿ, ಐದಾರು ಸೆಕೆಂಡು ಸುಮ್ಮನೆ ಕೂತು, ಆಮೇಲೆ ರಿವರ್ಸಿಗೆ ಹಾಕಿ. ಅಷ್ಟು ಹೊತ್ತಿಗೆ ಗೇರ್‌ಬಾಕ್ಸಿನ ಒಳಗಿನ ಹಲ್ಲುಗಳು ನಿಂತಿರಬೇಕು. ಆಗಲೂ ಕರಕರ ಎಂದರೆ ಪ್ಲೇಟು ಪೂರ್ತಿ ಬಿಟ್ಟಿಲ್ಲ, ಎಳೆಯುತ್ತಿದೆ. ಎಳೆಯುವುದು ಬೇರೆ, ಜಾರುವುದು ಬೇರೆ. ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಅದು ಜಾರು. ಸವೆದ ಅಥವಾ ಎಣ್ಣೆ ಕುಡಿದ ಪ್ಲೇಟಿನ ಲಕ್ಷಣ ಅದು. ದ್ರವದ ದಾರಿಗೆ ಅದರೊಂದಿಗೆ ಸಂಬಂಧ ಅಪರೂಪ.

ಅಪರೂಪವೆಂದೆ, ಇಲ್ಲವೆನ್ನಲಿಲ್ಲ. ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಮೊನೆಯಂಥ ರಂಧ್ರವೊಂದಿದೆ. ಪೆಡಲು ಬಿಟ್ಟಾಗ ಸಿಲಿಂಡರಿಗೂ ಮೇಲಿನ ದ್ರವದ ಡಬ್ಬಿಗೂ ಅದರ ಮೂಲಕ ಸಂಪರ್ಕ ಇರಬೇಕು. ಕಸ ಕೂತು ಅದು ಮುಚ್ಚಿದರೆ, ಅಥವಾ ಪಿಸ್ಟನ್ ಪೂರ್ತಿ ಹಿಂದೆ ಬರದೆ ಅದನ್ನು ಮುಚ್ಚಿಯೇ ಇದ್ದರೆ, ಬಿಸಿಗೆ ಹಿಗ್ಗಿದ ದ್ರವ ಹೋಗಲು ಜಾಗವಿಲ್ಲದೆ ಕ್ಲಚ್ಚನ್ನೇ ಒತ್ತಿ ಹಿಡಿಯುತ್ತದೆ. ಬೆಳಿಗ್ಗೆ ಸರಿಯಿದ್ದ ಕಾರು ಹತ್ತಾರು ಮೈಲಿ ಓಡಿದ ಮೇಲೆ ಜಾರತೊಡಗಿದರೆ ಈ ರಂಧ್ರದ ಮೇಲೆ ಅನುಮಾನ ಪಡಬೇಕು.

ಅಳತೆ ಕಡಿಮೆ ಬಂತು ಎಂದುಕೊಳ್ಳೋಣ. ಎರಡು ಚಮಚದಲ್ಲಿ ಕಳೆದುಹೋದದ್ದು ಎಲ್ಲಿ?

ಮೊದಲು ಕಣ್ಣಿನಿಂದ ಹುಡುಕಿ. ಡಬ್ಬಿಯಲ್ಲಿ ದ್ರವ ಇಳಿದಿದ್ದರೆ ಅದು ಎಲ್ಲಿಗೋ ಹೋಗಿದೆ ಎಂದರ್ಥ. ಬ್ರೇಕ್ ದ್ರವ ಆವಿಯಾಗಿ ಹೋಗುವಂಥದ್ದಲ್ಲ. ಮಾಸ್ಟರಿನ ಹಿಂದಿನ ಸೀಲು ಸೋತರೆ ದ್ರವ ಪುಶ್‌ರಾಡಿನ ಗುಂಟ ಒಳಕ್ಕೆ ಬಂದು ಪೆಡಲಿನ ಮೇಲೆ ಇಳಿಯುತ್ತದೆ. ಚಾಲಕನ ಕಾಲ ಬಳಿಯ ಕಾರ್ಪೆಟ್ ಎತ್ತಿ ನೋಡಿ, ಪೆಡಲಿನ ಬಣ್ಣ ಸುಲಿದು ಲೋಹ ಕಂಡರೆ ಕಳ್ಳ ಸಿಕ್ಕಿದ. ಗ್ಲೈಕಾಲ್ ಆಧಾರಿತ ಈ ದ್ರವ ಬಣ್ಣದ ಪರಮಶತ್ರು. ಬಾನೆಟ್ಟಿನ ಮೇಲೆ ಒಂದು ಹನಿ ಬಿದ್ದರೂ ಒರೆಸುತ್ತ ಕೂರದೆ ನೀರು ಸುರಿದು ತೊಳೆಯಬೇಕು. ಸ್ಲೇವಿನ ತುದಿಯಲ್ಲಿ ಒಂದು ರಬ್ಬರ್ ಟೊಪ್ಪಿಗೆ ಇದೆ. ಅದರ ಅಂಚನ್ನು ಎತ್ತಿದಾಗ ಒಳಗೆ ಒದ್ದೆಯಿದ್ದರೆ ಅಲ್ಲಿನ ಸೀಲು ಮುಗಿಯಿತು.

ಎಲ್ಲೂ ಒದ್ದೆಯಿಲ್ಲ, ಡಬ್ಬಿ ತುಂಬಿದೆ, ಆದರೂ ಚಲನೆ ಸಾಲದು. ಇಲ್ಲಿಂದ ಮುಂದೆ ಕಾಲಿನ ಅನುಭವ ಮಾತಾಡಬೇಕು. ಪೆಡಲು ಮೆತ್ತಗೆ, ಪುಟಿಯುವಂತಿದ್ದು, ಎರಡು ಮೂರು ಸಲ ಬೇಗಬೇಗ ಒತ್ತಿದರೆ ಮೇಲೆದ್ದು ಗಟ್ಟಿಯಾದರೆ ಒಳಗೆ ಗಾಳಿಯಿದೆ. ಪೆಡಲು ಗಟ್ಟಿಯಾಗಿಯೇ ಇದ್ದು, ಗೇರಿನಲ್ಲಿ ಒತ್ತಿ ಹಿಡಿದು ಸಿಗ್ನಲ್ಲಿನಲ್ಲಿ ನಿಂತಾಗ ಅರ್ಧ ನಿಮಿಷಕ್ಕೆಲ್ಲ ಕಾರು ಮೆಲ್ಲಗೆ ತೆವಳತೊಡಗಿದರೆ ಮಾಸ್ಟರಿನ ಮುಖ್ಯ ಸೀಲು ದ್ರವವನ್ನು ತನ್ನ ಪಕ್ಕದಿಂದಲೇ ಹಿಂದಕ್ಕೆ ಜಾರಿಸುತ್ತಿದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಈ ದೋಷ ಖಾಲಿ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಾದರೆ ಒಂದೇ ಸಂಜೆಗೆ ಬಯಲಾದೀತು. ಪೆಡಲು ಒತ್ತುವುದೇ ಕಷ್ಟ, ಬಿಟ್ಟ ಮೇಲೆ ಕ್ಲಚ್ಚು ನಿಧಾನವಾಗಿ ಹಿಡಿಯುತ್ತದೆ ಎಂದಾದರೆ ರಬ್ಬರ್ ಹೋಸಿನ ಒಳಪದರ ಕಿತ್ತು ದಾರಿ ಕಟ್ಟಿದೆ. ಅದೇ ಹೋಸ್ ಮುಪ್ಪಾಗಿ ಒತ್ತಡಕ್ಕೆ ಉಬ್ಬುತ್ತಿದ್ದರೆ ಆ ಉಬ್ಬಿನಷ್ಟು ದ್ರವ ಸ್ಲೇವಿಗೆ ತಲುಪದು. ಪೆಡಲು ಒತ್ತುವಾಗ ಹೋಸನ್ನು ಮುಷ್ಟಿಯಲ್ಲಿ ಹಿಡಿದರೆ ಉಬ್ಬು ಕೈಗೇ ಗೊತ್ತಾಗುತ್ತದೆ.

ಆದರೆ ಎಂಜಿಬಿಯಲ್ಲಿ ಬಹಳ ಜನ ಕಡೆಗಣಿಸುವುದು ದ್ರವವನ್ನಲ್ಲ, ಪೆಡಲನ್ನು ಪುಶ್‌ರಾಡಿಗೆ ಜೋಡಿಸುವ ಕ್ಲೆವಿಸ್ ಪಿನ್ನನ್ನು. ದಶಕಗಳ ಕಾಲ ಎಣ್ಣೆ ಕಾಣದೆ ಆಡಿದ ಪಿನ್ನು ಒಂದು ಕಡೆ ತೆಳ್ಳಗಾಗುತ್ತದೆ, ಪೆಡಲಿನ ತೂತು ಮೊಟ್ಟೆಯಾಕಾರ ತಾಳುತ್ತದೆ. ಹೀಗೆ ಹುಟ್ಟಿದ 3 ಮಿಲಿಮೀಟರ್ ಸಡಿಲ ಮಾಸ್ಟರಿನ 35 ಮಿಲಿಮೀಟರ್ ಓಟದಿಂದ ನೇರವಾಗಿ ಕಳೆಯುತ್ತದೆ. ಪೆಡಲಿನ ತುದಿಯಲ್ಲಿ, ಸನ್ನೆಯ ಉದ್ದದಿಂದಾಗಿ, ಅದು ಇನ್ನೂ ಹಲವು ಪಟ್ಟು ಹಿಗ್ಗಿ ಪೊಳ್ಳು ಚಲನೆಯಾಗಿ ಕಾಣುತ್ತದೆ. ಪೆಡಲನ್ನು ಕೈಯಿಂದ ಮೆಲ್ಲಗೆ ತಳ್ಳಿ, ಪುಶ್‌ರಾಡ್ ಅಲುಗುವ ಮುಂಚೆ ಪೆಡಲು ಎಷ್ಟು ಸರಿಯಿತೆಂದು ನೋಡಿದರೆ ಸಾಕು. ಹೊಸ ಪಿನ್ನು ಹಾಕಿ, ತೂತಿಗೆ ಲೋಹ ತುಂಬಿಸಿ ಮತ್ತೆ ಕೊರೆಸಿದರೆ, ಎಂಜಿನ್ ಇಳಿಸಬೇಕೆಂದಿದ್ದ ಎಷ್ಟೋ ಕಾರುಗಳು ಅಲ್ಲಿಗೇ ಗುಣವಾಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇಂಥ ಪಿನ್ನು, ತಾಮ್ರದ ವಾಷರುಗಳಿಗೇನೂ ಕೊರತೆಯಿಲ್ಲ. ಅಳತೆ ಮಾತ್ರ ಇಂಚಿನದು. ಕಣ್ಣಿಗೆ ಹೊಂದಿದಂತೆ ಕಾಣುವ ಮೆಟ್ರಿಕ್ ಪಿನ್ನು ಹಾಕಿದರೆ ಸಡಿಲ ಹೊಸದಾಗಿಯೇ ಬರುತ್ತದೆ.

ಇದೇ ತರ್ಕವನ್ನು ಕೆಳಗಿನ ತುದಿಗೆ ಹಚ್ಚುವವರು ಎಡವುತ್ತಾರೆ. ಸ್ಲೇವಿನ ಪುಶ್‌ರಾಡಿಗೂ ಫೋರ್ಕಿಗೂ ನಡುವಿನ ಪಿನ್ನು ಸವೆದಿದ್ದರೆ ಚಲನೆ ಕಳೆಯುತ್ತದೆ ಎಂದು ತೋರುವುದು ಸಹಜ. ಕಳೆಯುವುದಿಲ್ಲ. ಸ್ಲೇವಿನೊಳಗೆ ಒಂದು ಸಣ್ಣ ಸ್ಪ್ರಿಂಗ್ ಇದೆ. ಪಿಸ್ಟನ್ನನ್ನು ಅದು ಸದಾ ಹೊರಕ್ಕೆ ಒತ್ತಿಕೊಂಡಿರುವುದರಿಂದ ಅಲ್ಲಿನ ಸಡಿಲವೆಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ಪ್ಲೇಟೂ ಬೇರಿಂಗೂ ಸವೆಯುತ್ತ ಹೋದಂತೆ ಪಿಸ್ಟನ್ ತನ್ನ ವಿಶ್ರಾಂತಿಯ ಜಾಗವನ್ನು ಬದಲಿಸಿಕೊಳ್ಳುತ್ತದೆ, ಅಷ್ಟೇ. ಪುಶ್‌ರಾಡನ್ನು ಬೆಸುಗೆ ಹಾಕಿಸಿ ಉದ್ದ ಮಾಡುವ ಚಾಳಿಯೊಂದು ಹಲವೆಡೆ ಇದೆ. ಅದರಿಂದ ನಯಾಪೈಸೆ ಉಪಯೋಗವಿಲ್ಲ. ರಾಡು ಉದ್ದವಾದಷ್ಟು ಪಿಸ್ಟನ್ ಒಳಗೆ ಕೂರುತ್ತದೆ, ತಳ್ಳಲು ಬರುವ ದ್ರವ ಅದೇ 10 ಮಿಲಿಲೀಟರ್. ಚಲನೆಯ ಪ್ರಮಾಣ ತೀರ್ಮಾನವಾಗುವುದು ಮೇಲೆ, ಕೆಳಗಲ್ಲ.

ಸೀಲು ಬದಲಿಸುವವರಿಗೆ ಎರಡು ಮಾತು. ಒಂದು ಸಿಲಿಂಡರ್ ಹೋಗಿದ್ದರೆ ಎರಡನ್ನೂ ಮಾಡಿಸಿಬಿಡಿ. ಹೊಸ ಮಾಸ್ಟರ್ ಹಾಕಿದ ಕೆಲವೇ ವಾರದಲ್ಲಿ ಸ್ಲೇವು ಸೋರತೊಡಗುವುದು ಕಾಕತಾಳೀಯವಲ್ಲ. ಪೂರ್ಣ ಓಟ ಸಿಕ್ಕಿದ ಮೇಲೆ ಸ್ಲೇವಿನ ಹಳೆಯ ಸೀಲು ಅಲ್ಲಿಯವರೆಗೆ ಮುಟ್ಟದಿದ್ದ, ತುಕ್ಕಿನಿಂದ ಕುಳಿಬಿದ್ದ ಜಾಗಕ್ಕೆ ಹೋಗಿ ಉಜ್ಜಿಕೊಳ್ಳುತ್ತದೆ. ಇನ್ನೊಂದು, ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡದೆ ಸೀಲು ತೊಡಿಸಬೇಡಿ. ಉಗುರಿಗೆ ತಾಗುವಷ್ಟು ಕುಳಿಯಿದ್ದರೆ ಹೊಸ ಸೀಲು ದಂಡ; ಒಳಗೆ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ತೋಳು ಕೂರಿಸಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ಆ ಕುಳಿಗಳಿಗೆ ಕಾರಣ ನೀರು. ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ಮೇಲಿನ ಮಿತಿ 155. ಕ್ಲಚ್ಚಿನಲ್ಲಿ ಕುದಿತದ ಭಯ ಬ್ರೇಕಿನಷ್ಟಿಲ್ಲ, ತುಕ್ಕಿನ ಭಯ ಮಾತ್ರ ಅಷ್ಟೇ ಇದೆ. ಕರಾವಳಿಯ ಮಳೆಗಾಲದಲ್ಲಿ ಆರು ತಿಂಗಳು ನಿಂತೇ ಇರುವ ಕಾರಿಗೆ ಇದು ಇನ್ನೂ ಹೆಚ್ಚು. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಸಿಲಿಂಡರ್ ಬದಲಿಸುವುದಕ್ಕಿಂತ ಅಗ್ಗ. ನೇರಳೆ ಬಣ್ಣದ ಡಾಟ್ 5 ಸಿಲಿಕೋನ್ ದ್ರವ ನೀರು ಹೀರುವುದಿಲ್ಲ, ಬಣ್ಣ ಕೆಡಿಸುವುದಿಲ್ಲ ಎಂದು ಅದನ್ನು ಮೆಚ್ಚುವವರಿದ್ದಾರೆ. ಆದರೆ ಅದನ್ನು ಹಳೆಯದರೊಂದಿಗೆ ಬೆರೆಸುವಂತಿಲ್ಲ, ಸಣ್ಣ ಗುಳ್ಳೆಗಳನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಎರಡು ಚಮಚದ ಲೆಕ್ಕದಲ್ಲಿ ಬದುಕುವ ವ್ಯವಸ್ಥೆಗೆ ನನ್ನ ಆಯ್ಕೆ ಡಾಟ್ 4. ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರ ಕತೆಗಳೂ ಉಂಟು; ಖನಿಜ ತೈಲ ತಾಗಿದ ಸೀಲುಗಳು ಊದಿಕೊಂಡು ಸಿಲಿಂಡರಿನಲ್ಲೇ ಸಿಕ್ಕಿಬೀಳುತ್ತವೆ, ಆಮೇಲೆ ಇಡೀ ದಾರಿಯ ರಬ್ಬರನ್ನೆಲ್ಲ ಎಸೆಯಬೇಕು.

ಇನ್ನು ಗಾಳಿ ತೆಗೆಯುವ ಕೆಲಸ. ಬ್ರೇಕಿಗೆ ಮಾಡುವ ಹಾಗೆ ಒಬ್ಬರು ಪೆಡಲು ಒತ್ತುವುದು, ಇನ್ನೊಬ್ಬರು ಕೆಳಗೆ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚುವುದು, ಮುಚ್ಚುವುದು, ಇದು ಎಂಜಿಬಿಯ ಕ್ಲಚ್ಚಿನಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ನಡೆದರೂ ಮುಗಿಯುವುದಿಲ್ಲ. ಗಾಳಿ ಮೇಲೇರಲು ನೋಡುತ್ತದೆ, ನಾವು ಅದನ್ನು ಕೆಳಕ್ಕೆ ತಳ್ಳುತ್ತೇವೆ. ಒಂದು ಒತ್ತಿಗೆ ಹೋಗುವುದು ಎರಡೇ ಚಮಚ, ಅಷ್ಟರಲ್ಲಿ ಗುಳ್ಳೆ ಅರ್ಧ ದಾರಿ ಇಳಿದು ಮತ್ತೆ ಮೇಲೇರಿರುತ್ತದೆ. ಅನುಭವಿಗಳು ದಿಕ್ಕನ್ನೇ ತಿರುಗಿಸುತ್ತಾರೆ. ಮುಂದಿನ ಚಕ್ರದ ಬ್ರೇಕ್ ನಿಪ್ಪಲಿನಿಂದ ಸ್ಲೇವಿನ ನಿಪ್ಪಲಿಗೆ ಒಂದು ಪಾರದರ್ಶಕ ಕೊಳವೆ ಜೋಡಿಸಿ, ಗಾಳಿಯಿಲ್ಲದಂತೆ ದ್ರವ ತುಂಬಿಸಿ, ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿದರೆ ದ್ರವ ಸ್ಲೇವಿನಿಂದ ಮೇಲಕ್ಕೆ ಹರಿದು ಗುಳ್ಳೆಗಳನ್ನು ಮಾಸ್ಟರಿನ ಡಬ್ಬಿಗೆ ಹೊತ್ತೊಯ್ಯುತ್ತದೆ. ಪೆಡಲು ಬಿಡುವ ಮುಂಚೆ ಬ್ರೇಕಿನ ನಿಪ್ಪಲ್ ಮುಚ್ಚಬೇಕು, ಬ್ರೇಕಿನ ಡಬ್ಬಿ ಬತ್ತದಂತೆ ತುಂಬಿಸುತ್ತಿರಬೇಕು, ಕ್ಲಚ್ಚಿನ ಡಬ್ಬಿ ಉಕ್ಕದಂತೆ ತೆಗೆಯುತ್ತಿರಬೇಕು. ಬ್ರೇಕನ್ನು ಮುಟ್ಟಲು ಮನಸ್ಸಿಲ್ಲದವರು ದೊಡ್ಡ ಸಿರಿಂಜಿನಿಂದಲೇ ಕೆಳಗಿನಿಂದ ತಳ್ಳಬಹುದು.

ಇಷ್ಟೆಲ್ಲ ಸರಿಯಿದ್ದು, ಸ್ಕೇಲಿನಲ್ಲಿ ಅರ್ಧ ಇಂಚು ನಿಚ್ಚಳವಾಗಿ ಕಂಡು, ರಿವರ್ಸ್ ಇನ್ನೂ ಕರಕರ ಎಂದರೆ ಆಗ ಎಂಜಿನ್. ಅದಕ್ಕೂ ಮುಂಚೆ ಒಂದು ವಿಚಾರಣೆ: ಕಾರು ಬಹಳ ಕಾಲ ನಿಂತಿತ್ತೇ? ತೇವಕ್ಕೆ ತುಕ್ಕು ಹಿಡಿದು ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿರಬಹುದು. ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಮಾಡಿ, ಖಾಲಿ ಜಾಗದಲ್ಲಿ ಗೇರಿನಲ್ಲಿ ಓಡಿಸುತ್ತ, ಕ್ಲಚ್ಚು ಒತ್ತಿ ಹಿಡಿದೇ ಆಕ್ಸಿಲರೇಟರನ್ನು ಒತ್ತಿ ಬಿಟ್ಟು ಮಾಡಿದರೆ ಒಂದು ಜರ್ಕಿನೊಂದಿಗೆ ಬಿಡುವುದುಂಟು.

ಬಿಡದಿದ್ದರೆ ಕ್ರೇನು ತರಿಸಿ. ಎಂಜಿನ್ ಹೊರಬಂದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಿಸುವುದು ಎಲ್ಲರಿಗೂ ಗೊತ್ತು. ಈ ಕಾರಿನ ಬೇರಿಂಗು ಗುಂಡಿನದಲ್ಲ, ಗ್ರಾಫೈಟಿನ ಬಳೆ. ಸುಮ್ಮನೆ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಓಡಿಸುವವರ ಕೈಯಲ್ಲಿ ಅದು ಪೆನ್ಸಿಲ್ ಸೀಸದಂತೆ ತೇಯ್ದು ಹೋಗುತ್ತದೆ. ಎಲ್ಲರೂ ನೋಡದೆ ಬಿಡುವುದು ಕ್ರ್ಯಾಂಕಿನ ತುದಿಯಲ್ಲಿರುವ ಪುಟ್ಟ ಕಂಚಿನ ಬುಷ್. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಕೂರುವುದು ಅದರೊಳಗೆ. ಬುಷ್ ಬಿಗಿದುಕೊಂಡರೆ ಪ್ಲೇಟು ಬಿಟ್ಟರೂ ಶಾಫ್ಟು ಕ್ರ್ಯಾಂಕಿನ ಜೊತೆಗೇ ಸುತ್ತುತ್ತದೆ, ಗೇರು ಕರಕರ ಎನ್ನುತ್ತಲೇ ಇರುತ್ತದೆ. ಹೊಸ ಬುಷ್ಷನ್ನು ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಹಾಕಿ ಕೂರಿಸಬೇಕು. ಗೇರ್‌ಬಾಕ್ಸ್ ಜೋಡಿಸುವಾಗ ಅದರ ಭಾರವನ್ನು ಒಂದು ಕ್ಷಣವೂ ಪ್ಲೇಟಿನ ನಡುವಿನ ಗುಂಬಕ್ಕೆ ನೇತುಬಿಡಬಾರದು. ಬಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ, ಕ್ಲಚ್ಚು ಮತ್ತೆ ಎಳೆಯುತ್ತದೆ, ಗ್ಯಾರೇಜಿನಲ್ಲಿ ಯಾರೋ ಒಬ್ಬರು ಗಾಳಿ ತೆಗೆಯಲು ಮತ್ತೆ ಕಾರಿನಡಿಗೆ ತೂರುತ್ತಾರೆ.